ಬಸ್ರೂರು ಗಣರಾಜ್ಯವೆ? ತಾರತಮ್ಯವಿಲ್ಲದ ತೀರ್ಪಿನ ಖಂಡನೆ

ಬಸ್ರೂರು ಒಂದಾನೊಂದು ಕಾಲದಲ್ಲಿ ಗಣರಾಜ್ಯವಾಗಿತ್ತೆಂಬ ಮಾತು ಕುಂದಾಪುರದ ಸೀಮೆಯಲ್ಲಿ ಭಾಷಣಗಳಲ್ಲಿಯೂ ಸ್ಮರಣ ಸಂಚಿಕೆಗಳಲ್ಲಿಯೂ ಮೇಲಿಂದ ಮೇಲೆ ಕೇಳಿಬರುತ್ತಿದೆ. ಅದಕ್ಕೆ ಪ್ರತಿಯಾಗಿ, ಅರಸನಿಗೆ ಕಪ್ಪವನ್ನು ಒಪ್ಪಿಸುತ್ತಿದ್ದ ಊರು ಗಣರಾಜ್ಯವಾಗುವುದೆಂತು, ಅದು ವರ್ತಕರ ಪೇಟೆಯಲ್ಲದೆ ಮತ್ತೇನೂ ಅಲ್ಲವೆಂಬ ಉಪೇಕ್ಷೆಯ ಮಾತೂ ವಿದ್ಯಾವಂತರ ಬಾಯಿಂದಲೇ ಬರುತ್ತಿದೆ. ಮೊದಲನೆಯ ಪಕ್ಷದವರಿಗೆ ಅಭಿಮಾನವೇ ಪ್ರಮಾಣ; ಎರಡನೆಯವರಿಗೆ ಸಂಶಯವೇ ಪಾಂಡಿತ್ಯ. ಇಬ್ಬರೂ ಪರಸ್ಪರ ವಿರೋಧಿಗಳೆಂದು ತೋರಿದರೂ ಅವರ ವಾದಗಳ ಬುಡ ಒಂದೇ. ಒಂದು ಊರು ಗಣರಾಜ್ಯವಾಗಿರಬೇಕು, ಇಲ್ಲವೆ ಆಗಿರಬಾರದು. ನಡುವೆ ಬೇರೆ ಸ್ಥಿತಿಯಿಲ್ಲ ಎಂಬ ನಂಬಿಕೆಯೇ ಆ ಬುಡ. ಈ ನಂಬಿಕೆಯು ತಪ್ಪೆಂದೂ, ಅದನ್ನು ಬಿಡದೆ ಬಸ್ರೂರಿನ ಚರಿತ್ರೆಯಿಂದ ಕಲಿಯಬೇಕಾದ ಮುಖ್ಯವಾದ ಪಾಠವು ದೊರೆಯಲಾರದೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಉಭಯ ಪಕ್ಷದವರೂ ಒಪ್ಪತಕ್ಕ ಸಂಗತಿಗಳನ್ನು ನೋಡಬೇಕು. ವಸುಪುರವೆಂಬ ಸಂಸ್ಕೃತ ನಾಮವೂ ಇರುವ ಈ ಊರು ವಾರಾಹೀ ನದಿಯ ದಂಡೆಯಲ್ಲಿದೆ. ವಾರಾಹಿಯು ಪಂಚಗಂಗಾವಳಿಯನ್ನು ಸೇರಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲನ್ನು ಕೂಡುವುದರಿಂದ, ಘಟ್ಟದ ಸರಕನ್ನು ಕಡಲಿಗೆ ಮುಟ್ಟಿಸುವ ವ್ಯಾಪಾರಕ್ಕೆ ಇದು ಅನುಕೂಲವಾದ ನೆಲೆ. 1342ರ ಸುಮಾರಿಗೆ ಈ ಕರಾವಳಿಯಲ್ಲಿ ಸಂಚರಿಸಿದ ಇಬ್ನ್ ಬತೂತನು ಅಬೂಸರೂರ್ ಎಂದು ಕರೆದ ಪಟ್ಟಣವು ಬಸ್ರೂರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. 16ನೆಯ ಶತಮಾನದ ಆದಿಭಾಗದಲ್ಲಿ ಪೋರ್ತುಗೀಸನಾದ ದುವಾರ್ತೆ ಬಾರ್ಬೋಸನು ಬಾರಕೂರು ಬಸ್ರೂರುಗಳಿಂದ ಅಕ್ಕಿಯು ಹೊರದೇಶಗಳಿಗೆ ಹೋಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇಲ್ಲಿಯ ಶಾಸನಗಳಲ್ಲಿ ಮೂಡುಕೇರಿ, ಪಡುವಕೇರಿ ಎಂಬ ಭಾಗಗಳೂ ಸೆಟ್ಟಿಕಾರರು, ಹಲರು ಎಂಬ ಸಮೂಹಗಳೂ ಕಾಣುತ್ತವೆ. ‘ಹಲರು’ ಎಂಬ ಮಾತೇ ಮನನೀಯವಾದುದು. ಒಬ್ಬನಲ್ಲ, ಹಲವರು, ಕೂಡಿ ಕುಳಿತು ಊರಿನ ಕಾರ್ಯವನ್ನು ನಡೆಸತಕ್ಕವರು. ಬಸ್ರೂರಿನ ಜನರು ಗಣರಾಜ್ಯದವರಂತೆ ತಮ್ಮನ್ನು ತಾವೇ ಆಳಿಕೊಳ್ಳುತ್ತಿದ್ದರೆಂದೂ, ವಿಜಯನಗರದ ಅರಸನಿಗೆ ಕಪ್ಪವನ್ನು ಮಾತ್ರ ಕೊಡುತ್ತಿದ್ದರೆಂದೂ ಪೋರ್ತುಗೀಸರ ವೃತ್ತಾಂತಗಳಿಂದ ತಿಳಿದುಬರುತ್ತದೆ.

ಇದಿಷ್ಟು ಒಂದು ಕಡೆಯ ಸಾಕ್ಷ್ಯ. ಇನ್ನೊಂದು ಕಡೆಯಲ್ಲಿ, ಬಸ್ರೂರು ವಿಜಯನಗರದ ಬಾರಕೂರು ರಾಜ್ಯದೊಳಗಿನ ಊರು. ಬಾರಕೂರಿನಲ್ಲಿ ಅರಸನ ಅಧಿಕಾರಿಯು ಕುಳಿತು ಆಳುತ್ತಿದ್ದನು. ಕರಾವಳಿಯ ಶಾಸನಗಳಲ್ಲಿ ವಿಜಯನಗರದ ಅರಸನ ಹೆಸರೂ ಬಾರಕೂರಿನ ಅಧಿಕಾರಿಯ ಹೆಸರೂ ಮೊದಲು ಬಂದು, ಊರಿನ ಸಮೂಹಗಳ ಹೆಸರು ಆ ಮೇಲೆ ಬರುವುದು ವಾಡಿಕೆ. ಅಭಿಮಾನಿಗಳು ಹಲರನ್ನು ಹಿಡಿದುಕೊಂಡು ಬಾರಕೂರಿನ ಅಧಿಕಾರಿಯನ್ನು ಮರೆಯುತ್ತಾರೆ; ಸಂಶಯವಾದಿಗಳು ಅಧಿಕಾರಿಯನ್ನು ಹಿಡಿದುಕೊಂಡು ಹಲರನ್ನು ಮರೆಯುತ್ತಾರೆ. ಕಲ್ಲಿನ ಮೇಲೆ ಮಾತ್ರ ಇಬ್ಬರೂ ಇದ್ದಾರೆ. ಕಲ್ಲು ಹೇಳಿದುದರಲ್ಲಿ ಅರ್ಧವನ್ನು ಓದಿ ಉಳಿದರ್ಧವನ್ನು ಬಿಡುವುದು ಶಾಸನಪಠನವಾಗಲಾರದು.

ತರ್ಕಶಾಸ್ತ್ರದಲ್ಲಿ ಒಂದು ವಸ್ತುವಿಗೆ ಲಕ್ಷಣವನ್ನು ಹೇಳುವವನು ಮೂರು ದೋಷಗಳಿಂದ ತಪ್ಪಿಸಿಕೊಳ್ಳಬೇಕೆಂದು ಬಾಲಪಾಠದಲ್ಲಿಯೇ ಕಲಿಸುತ್ತಾರೆ. ಲಕ್ಷ್ಯದ ಒಂದು ಭಾಗಕ್ಕೆ ಲಕ್ಷಣವು ಮುಟ್ಟದಿದ್ದರೆ ಅವ್ಯಾಪ್ತಿ. ಲಕ್ಷ್ಯವನ್ನು ಮೀರಿ ಹರಿದರೆ ಅತಿವ್ಯಾಪ್ತಿ. ಎಲ್ಲಿಯೂ ಹೊಂದದಿದ್ದರೆ ಅಸಂಭವ. ಈಗ ಸಂಶಯವಾದಿಗಳ ಲಕ್ಷಣವನ್ನು ಪರೀಕ್ಷಿಸೋಣ. ಪರರಿಗೆ ಕಪ್ಪ ಕೊಡದಿರುವುದೇ ಗಣರಾಜ್ಯದ ಲಕ್ಷಣವೆಂದರೆ, ಆದ್ರಿಯಾಟಿಕ್ ಕಡಲಿನ ದಂಡೆಯ ರಗೂಸಾ ಪಟ್ಟಣವನ್ನು ಏನೆಂದು ಕರೆಯಬೇಕು? ಇಂದು ದುಬ್ರೋವ್ನಿಕ್ ಎನಿಸಿಕೊಂಡಿರುವ ಆ ಪಟ್ಟಣವು 1458ರಿಂದ ತುರುಕ ಸುಲ್ತಾನನಿಗೆ ಕಪ್ಪ ಕೊಡುತ್ತಿತ್ತು. 15ನೆಯ ಶತಮಾನದ ಕೊನೆಯಿಂದ ಅದು ವರ್ಷಕ್ಕೆ 12,500 ಡುಕಾಟುಗಳಷ್ಟಿತ್ತು. ಆದರೂ 1808ರಲ್ಲಿ ಫ್ರೆಂಚರು ಅದನ್ನು ರದ್ದುಮಾಡುವವರೆಗೆ ರಗೂಸಾ ಗಣರಾಜ್ಯವಲ್ಲವೆಂದು ಯಾವ ಇತಿಹಾಸಕಾರನೂ ಹೇಳಲಿಲ್ಲ. ಜರ್ಮನ್ ದೇಶದ ಲೂಬೆಕ್ ಪಟ್ಟಣವು 1226ರಲ್ಲಿ ಚಕ್ರವರ್ತಿಯಿಂದಲೇ ಸನ್ನದು ಪಡೆದು ಸ್ವಾಧೀನವಾಯಿತು. ಮೇಲೆ ಚಕ್ರವರ್ತಿಯಿದ್ದನು, ಒಳಗೆ ವರ್ತಕರ ಸಭೆಯಿತ್ತು. ರಗೂಸಾಕ್ಕೆ ಒಂದು ನ್ಯಾಯ, ಬಸ್ರೂರಿಗೆ ಇನ್ನೊಂದು ನ್ಯಾಯವೆಂದರೆ ಅದು ವಿಮರ್ಶೆಯಲ್ಲ, ಪಕ್ಷಪಾತ.

ಅಭಿಮಾನಿಗಳ ಲಕ್ಷಣವೂ ಇಷ್ಟೇ ದುರ್ಬಲವಾದುದು. ಹಲವರು ಸೇರಿ ನಿರ್ಣಯಿಸುವುದೇ ಗಣರಾಜ್ಯವೆಂದರೆ ದೇವಸ್ಥಾನದ ಮೊಕ್ತೇಸರರ ಮಂಡಲಿಯೂ ಗಣರಾಜ್ಯವಾಗಬೇಕಾಗುತ್ತದೆ. ಇದು ಅತಿವ್ಯಾಪ್ತಿ. ಇನ್ನು ಪ್ರಜೆಗಳೆಲ್ಲರೂ ಪಾಲುಗೊಳ್ಳುವುದೇ ಲಕ್ಷಣವೆಂದರೆ, ಎಲ್ಲರೂ ಹಾಡಿಹೊಗಳುವ ವೆನಿಸ್ ನಗರವೇ ಹೊರಗೆ ಬೀಳುತ್ತದೆ. 1297ರಲ್ಲಿ ಅಲ್ಲಿಯ ಮಹಾಸಭೆಯ ಬಾಗಿಲು ಕೆಲವು ಮನೆತನಗಳ ಹೊರತು ಉಳಿದವರಿಗೆ ಮುಚ್ಚತೊಡಗಿತು. ತಮಿಳುನಾಡಿನ ಉತ್ತರಮೇರೂರಿನ ಸಭೆಯ ವಿಷಯವೂ ಹಾಗೆಯೇ. ಪರಾಂತಕ ಚೋಳನ ಕಾಲದ 919 ಮತ್ತು 921ರ ಶಾಸನಗಳಲ್ಲಿ ಚೀಟಿಗಳನ್ನು ಕೊಡದಲ್ಲಿ ಹಾಕಿ ಎತ್ತಿ ಸದಸ್ಯರನ್ನು ಆರಿಸುವ ಕ್ರಮವು ವಿಸ್ತಾರವಾಗಿದೆ. ಆದರೆ ಆರಿಸಲ್ಪಡತಕ್ಕವನಿಗೆ ತೆರಿಗೆ ಸಲ್ಲುವ ಭೂಮಿ ಬೇಕು, ಸ್ವಂತ ಮನೆ ಬೇಕು, ವೇದಜ್ಞಾನ ಬೇಕು, ವಯಸ್ಸು 35ರಿಂದ 70ರೊಳಗಿರಬೇಕು. ಕ್ರಮವು ಪ್ರಜಾಸತ್ತೆಯದು, ಪ್ರವೇಶವು ಕೆಲವರದು. ಹೀಗಿರಲು ‘ಹೌದು’ ಎಂದರೂ ತಪ್ಪು, ‘ಅಲ್ಲ’ ಎಂದರೂ ತಪ್ಪು.

ಇಂತಹ ಇಕ್ಕಟ್ಟಿನಿಂದ ಪಾರಾಗುವ ಒಂದು ಮಾರ್ಗವನ್ನು ಗಣಿತಜ್ಞರು ತೋರಿಸಿದ್ದಾರೆ. ಗಣಿತದಲ್ಲಿ ವಸ್ತುಗಳ ಸಮೂಹಕ್ಕೆ ಗಣವೆಂದು ಹೆಸರು. ಹಳೆಯ ಗಣಿತದಂತೆ ಒಂದು ವಸ್ತುವು ಗಣದೊಳಗಿದ್ದರೆ ಅದರ ಸದಸ್ಯತ್ವವು 1, ಹೊರಗಿದ್ದರೆ 0. ಬಾಕು ನಗರದಲ್ಲಿ ಹುಟ್ಟಿ ಅಮೆರಿಕದ ಬರ್ಕ್ಲಿಯಲ್ಲಿ ಅಧ್ಯಾಪಕನಾಗಿದ್ದ ಲೊಟ್ಫಿ ಝಾದೆ ಎಂಬ ವಿದ್ವಾಂಸನು 1965ರಲ್ಲಿ ಈ ನಿಯಮವನ್ನು ಸಡಿಲಿಸಿ, ಸದಸ್ಯತ್ವವು 0 ಮತ್ತು 1ರ ನಡುವೆ ಯಾವ ಪ್ರಮಾಣದಲ್ಲಿಯಾದರೂ ಇರಬಹುದೆಂದು ಪ್ರತಿಪಾದಿಸಿದನು. ಇಂಗ್ಲಿಷಿನಲ್ಲಿ ಇದಕ್ಕೆ ಫಜಿ ಸೆಟ್ ಎಂದು ಹೆಸರು. ಕನ್ನಡದಲ್ಲಿ ಅಸ್ಫುಟ ಗಣವೆನ್ನಬಹುದು. ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ರೇಗಿನನು ರಾಜ್ಯ ರಾಜ್ಯಗಳನ್ನು ಹೋಲಿಸಿ ನೋಡುವ ಶಾಸ್ತ್ರಕ್ಕೆ 1987ರಲ್ಲಿ ಗಣತರ್ಕವನ್ನೂ 2000ದಲ್ಲಿ ಅಸ್ಫುಟ ಗಣಗಳನ್ನೂ ಅನ್ವಯಿಸಿ ಗ್ರಂಥಗಳನ್ನು ಬರೆದನು. ಅಂದಿನಿಂದ ಪ್ರಜಾಪ್ರಭುತ್ವ, ಕ್ರಾಂತಿ, ಕಲ್ಯಾಣರಾಜ್ಯ ಮೊದಲಾದ ವಿಷಯಗಳಲ್ಲಿ ಈ ವಿಧಾನವು ಬಳಕೆಗೆ ಬಂದಿದೆ.

ಹೆಸರು ಹೊಸದಾದರೂ ವಿಷಯವು ವಾರಾಹಿಯ ದಂಡೆಯ ರೈತನಿಗೆ ಹೊಸದಲ್ಲ. ಗಂಗೊಳ್ಳಿಯ ಅಳಿವೆಯಲ್ಲಿ ನೀರು ಉಪ್ಪು. ಘಟ್ಟದ ಬುಡದಲ್ಲಿ ಸಿಹಿ. ನಡುವೆ ಯಾವ ಕಲ್ಲಿನ ಬಳಿ ಉಪ್ಪುನೀರು ಮುಗಿದು ಸಿಹಿನೀರು ತೊಡಗುತ್ತದೆಂದು ಕೇಳಿದರೆ ಅವನು ನಗುತ್ತಾನೆ. ಅಂಥ ಕಲ್ಲಿಲ್ಲ. ಹಾಗೆಂದು ಉಪ್ಪಿಗೂ ಸಿಹಿಗೂ ಭೇದವಿಲ್ಲವೆಂದು ಅವನು ಹೇಳುವುದಿಲ್ಲ. ಯಾವ ಗದ್ದೆಗೆ ಯಾವ ತಿಂಗಳಿನಲ್ಲಿ ಎಷ್ಟು ಉಪ್ಪು ಏರುತ್ತದೆಂಬುದು ಅವನಿಗೆ ತಿಳಿದಿರುತ್ತದೆ. ಅದನ್ನು ನೋಡಿಯೇ ಕಟ್ಟೆ ಕಟ್ಟುತ್ತಾನೆ, ಬೀಜ ಬಿತ್ತುತ್ತಾನೆ. ಗಡಿಗೆರೆ ಇಲ್ಲದಿರುವುದು ಬೇರೆ, ಭೇದವೇ ಇಲ್ಲದಿರುವುದು ಬೇರೆ. ತರ, ತಮ ಎಂಬ ಪ್ರತ್ಯಯಗಳಿಂದ ಹುಟ್ಟಿದ ‘ತಾರತಮ್ಯ’ ಶಬ್ದವು ಈಚೆಗೆ ಪಕ್ಷಪಾತವೆಂಬ ಅರ್ಥಕ್ಕೆ ಜಾರಿಹೋಗಿದ್ದರೂ, ಹೆಚ್ಚು ಕಡಿಮೆಗಳ ವಿವೇಕವೆಂಬುದೇ ಅದರ ಮೂಲಾರ್ಥ. ಉಡುಪಿಯ ಸೀಮೆಯ ವೇದಾಂತದಲ್ಲಿ ಆ ಶಬ್ದಕ್ಕಿರುವ ಗೌರವವನ್ನು ವಾಚಕರಿಗೆ ಹೇಳಿಕೊಡಬೇಕಾಗಿಲ್ಲ.

ಈ ವಿಧಾನದ ಜೀವವು ಅಂಕಿಗಳಲ್ಲಿಲ್ಲ, ಮಾನನಿರ್ಣಯದಲ್ಲಿದೆ. ಪೂರ್ಣ ಸದಸ್ಯತ್ವಕ್ಕೆ ಏನು ಬೇಕು, ಸಂಪೂರ್ಣ ಹೊರಗಿರುವುದೆಂದರೆ ಏನು, ಒಳಗೋ ಹೊರಗೋ ಎಂದು ಹೇಳಲಾಗದ 0.5ರ ಸಂಧಿಬಿಂದು ಯಾವುದು ಎಂಬ ಮೂರನ್ನೂ ಪರೀಕ್ಷಕನು ಮೊದಲೇ ಬರೆದಿಡಬೇಕು. ದೃಷ್ಟಾಂತಕ್ಕೆ ಸ್ವಾಧೀನತೆಯೆಂಬ ಗಣವನ್ನು ತೆಗೆದುಕೊಳ್ಳಬಹುದು. ಯುದ್ಧ ಸಂಧಿಗಳನ್ನು ಊರೇ ನಿರ್ಣಯಿಸುವುದು, ಮೇಲೆ ಒಡೆಯನೇ ಇಲ್ಲದಿರುವುದು 1. ಒಡೆಯನ ಅಧಿಕಾರಿಯು ಊರೊಳಗೆ ಕುಳಿತು ತೆರಿಗೆಯನ್ನೂ ನ್ಯಾಯವನ್ನೂ ತಾನೇ ನಡೆಸುವುದು 0. ಒಡೆಯನಿಗೆ ಮೊತ್ತವಾಗಿ ಕಪ್ಪವನ್ನು ಕೊಟ್ಟು, ಅದನ್ನು ಊರವರು ತಮ್ಮೊಳಗೆ ತಾವೇ ಹಂಚಿ ಎತ್ತಿಕೊಂಡರೆ 0.5ಕ್ಕೆ ಮೇಲೆ, ಅಧಿಕಾರಿಯೇ ಬಂದು ಮನೆಮನೆಯಿಂದ ಎತ್ತಿದರೆ ಕೆಳಗೆ. ಇಷ್ಟನ್ನು ಹೇಳಿದ ಮೇಲೆ ಶಾಸನವನ್ನು ತೆರೆಯಬೇಕು. ಅಕ್ಕಿಯ ಮುಡಿ ಕಟ್ಟುವವನು ಸೇರನ್ನು ಮೊದಲೇ ತಂದಿಡುತ್ತಾನೆ; ಅಕ್ಕಿಯನ್ನು ಸುರಿದ ಮೇಲೆ ತನಗೆ ಬೇಕಾದಷ್ಟು ಹಿಡಿಯುವಂತೆ ಸೇರನ್ನು ಕೊರೆಯುವವನನ್ನು ಯಾವ ಪೇಟೆಯಲ್ಲಿಯೂ ವರ್ತಕನೆಂದು ಕರೆಯುವುದಿಲ್ಲ. ಬಸ್ರೂರಿನ ವಿಷಯದಲ್ಲಿ ಉಭಯ ಪಕ್ಷದವರೂ ಈವರೆಗೆ ಮಾಡುತ್ತ ಬಂದಿರುವುದು ಈ ಸೇರು ಕೊರೆಯುವ ಕೆಲಸವನ್ನೇ.

ಸದಸ್ಯತ್ವಗಳನ್ನು ಕೂಡಿಸುವ ನಿಯಮವೂ ಸರಳವಾಗಿದೆ. ಎರಡು ಗುಣಗಳೂ ಬೇಕೆಂದಲ್ಲಿ ಅವುಗಳಲ್ಲಿ ಕಡಿಮೆಯಾದುದನ್ನು ತೆಗೆದುಕೊಳ್ಳಬೇಕು; ಎರಡರಲ್ಲಿ ಒಂದು ಸಾಕೆಂದಲ್ಲಿ ಹೆಚ್ಚಿನದನ್ನು; ಇಲ್ಲವೆಂಬುದಕ್ಕೆ 1ರಿಂದ ಕಳೆದು ಉಳಿದುದನ್ನು. ಕಡಿಮೆಯದನ್ನೇ ಏಕೆ ಹಿಡಿಯಬೇಕೆಂದರೆ, ದೋಣಿಯ ಅಂಚು ಎಲ್ಲಿ ಅತಿ ತಗ್ಗಾಗಿದೆಯೋ ಅಲ್ಲಿಂದಲೇ ನೀರು ಒಳನುಗ್ಗುತ್ತದೆ. ಉಳಿದ ಕಡೆಯ ಎತ್ತರವು ಅದನ್ನು ತಡೆಯಲಾರದು. ಮಾತಿಗೆ, 1500ರ ಸುಮಾರಿನ ಬಸ್ರೂರಿಗೆ ಸಭೆಯ ಆಡಳಿತದಲ್ಲಿ 0.8, ಸ್ವಾಧೀನತೆಯಲ್ಲಿ 0.6 ಎಂದು ಒಬ್ಬನು ಕೊಟ್ಟನೆನ್ನೋಣ. ಈ ಅಂಕಿಗಳು ದೃಷ್ಟಾಂತಕ್ಕೆ ಮಾತ್ರ. ಎರಡನ್ನೂ ಬಯಸುವ ಗಣರಾಜ್ಯವೆಂಬ ಗಣದಲ್ಲಿ ಊರಿನ ಸದಸ್ಯತ್ವವು 0.6. ಆದರೆ ಅಕ್ಕಿ ಬೆಳೆದವರು, ಮುಡಿ ಹೊತ್ತವರು, ದೋಣಿಯ ಹುಟ್ಟು ಹಾಕಿದವರು ಇವರಿಗೆ ಹಲರ ಸಭೆಯಲ್ಲಿ ಮಾತಿತ್ತೇ ಎಂಬ ಮೂರನೆಯ ಗುಣವನ್ನೂ ಕೇಳಬೇಕಾಗುತ್ತದೆ. ಉತ್ತರಮೇರೂರಿನ ಕಲ್ಲು ಆಯ್ಕೆಯ ಕ್ರಮವನ್ನು ವಿವರಿಸಿದಂತೆ ಬಸ್ರೂರಿನ ಕಲ್ಲುಗಳು ವಿವರಿಸುವುದಿಲ್ಲ. ಹೀಗಿದ್ದರೂ ಒಂದು ಮಾತನ್ನು ನಿಶ್ಚಯವಾಗಿ ಹೇಳಬಹುದು. ಮೂರನೆಯ ಗುಣವು ಎಷ್ಟೇ ಇರಲಿ, ಅದು ಮೊತ್ತವನ್ನು ಇಳಿಸೀತೇ ಹೊರತು ಏರಿಸಲಾರದು. ಆದುದರಿಂದ ಆ ಪರೀಕ್ಷಕನ ಲೆಕ್ಕದಲ್ಲಿ ಊರಿನ ಸದಸ್ಯತ್ವವು 0.6ಕ್ಕೆ ಮೀರುವುದಿಲ್ಲ. ಕಡಿಮೆ ತಿಳಿದಾಗಲೂ ಇಷ್ಟನ್ನು ಖಚಿತವಾಗಿ ಹೇಳಬಲ್ಲ ವಿಧಾನವನ್ನು ಅಸ್ಪಷ್ಟವೆಂದು ಹಳಿಯುವುದು ಹೇಗೆ?

ಇಲ್ಲಿ ಪೂರ್ವಪಕ್ಷಿಯು ಮೂರು ಆಕ್ಷೇಪಗಳನ್ನು ತರುತ್ತಾನೆ. ಮೊದಲನೆಯದು ಅರ್ಧಜರತೀ ನ್ಯಾಯ. ಒಬ್ಬಳೇ ಹೆಂಗಸು ಅರ್ಧ ಮುದುಕಿ ಅರ್ಧ ತರುಣಿಯಾಗಿರುವುದು ಹೇಗೆ ಹಾಸ್ಯಾಸ್ಪದವೋ ಅರ್ಧ ಗಣರಾಜ್ಯವೂ ಹಾಗೆಯೇ ಎಂದು ಅವನು ಹೇಳುತ್ತಾನೆ. ಆದರೆ ಆ ನ್ಯಾಯವು ಖಂಡಿಸುವುದು ಒಂದೇ ವಾದದಲ್ಲಿ ಬೇಕಾದ ಅರ್ಧವನ್ನು ಒಪ್ಪಿ ಬೇಡವಾದ ಅರ್ಧವನ್ನು ಕಾರಣವಿಲ್ಲದೆ ತಳ್ಳುವವನನ್ನು. ಮುಪ್ಪು ಮೆಲ್ಲಮೆಲ್ಲನೆ ಬರುತ್ತದೆಂಬುದನ್ನಲ್ಲ. ಶಾಸನದಲ್ಲಿ ಹಲರನ್ನು ಒಪ್ಪಿ ಅಧಿಕಾರಿಯನ್ನು ತಳ್ಳುವವನೇ ನಿಜವಾದ ಅರ್ಧಜರತೀಯದ ಗುರಿ. ಎರಡನೆಯ ಆಕ್ಷೇಪವು, ಒಂದೇ ವಸ್ತುವು 0.6ರಷ್ಟು ಗಣರಾಜ್ಯವಾಗಿ 0.4ರಷ್ಟು ಅಲ್ಲದ್ದೂ ಆಗಿರುವುದು ವಿರುದ್ಧವೆಂಬುದು. ಮರದ ಕೊಂಬೆಯಲ್ಲಿ ಕಪಿ ಕುಳಿತಿರುವಾಗ ಅದೇ ಮರದ ಬುಡದಲ್ಲಿ ಕಪಿಯ ಸಂಯೋಗವಿಲ್ಲ. ಹೀಗೆ ಭಾವವೂ ಅಭಾವವೂ ಒಂದೇ ಆಶ್ರಯದಲ್ಲಿರುವುದನ್ನು ನೈಯಾಯಿಕರು ಅವ್ಯಾಪ್ಯವೃತ್ತಿಯೆಂದು ಕರೆದು ಒಪ್ಪಿದ್ದಾರೆ. ಯಾವ ಅಂಶದಲ್ಲಿ, ಯಾವ ಕಾಲದಲ್ಲಿ ಎಂಬುದನ್ನು ಹೇಳಿದೊಡನೆ ವಿರೋಧವು ಅಡಗುತ್ತದೆ.

ಮೂರನೆಯ ಆಕ್ಷೇಪವು ಹೆಚ್ಚು ಪ್ರಚಾರದಲ್ಲಿರುವುದು. ಇದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ. ಯಾರ ಮನಸ್ಸನ್ನೂ ನೋಯಿಸದೆ ತಪ್ಪಿಸಿಕೊಳ್ಳುವವರ ಉಪಾಯ ಎಂಬುದು. ವಾಸ್ತವದಲ್ಲಿ ಸಂಗತಿಯು ಇದಕ್ಕೆ ವಿಪರೀತವಾಗಿದೆ. ‘ಬಸ್ರೂರು ಗಣರಾಜ್ಯ’ ಎಂದು ಘೋಷಿಸಿದವನನ್ನು ಹಿಡಿಯುವುದು ಕಷ್ಟ. ಎದುರಾಳಿಯು ಯಾವ ಸಾಕ್ಷ್ಯವನ್ನು ತಂದರೂ ಗಣರಾಜ್ಯದ ಅರ್ಥವನ್ನು ಹಿಗ್ಗಿಸಿ ಅವನು ನುಣುಚಿಕೊಳ್ಳುತ್ತಾನೆ. ಮಾನವನ್ನು ಬರೆದು ಸಹಿಹಾಕಿ 0.6 ಎಂದವನಿಗೆ ನುಣುಚುವ ದಾರಿಯಿಲ್ಲ. ಅಧಿಕಾರಿಯೇ ಊರೊಳಗೆ ಸುಂಕವನ್ನು ಎತ್ತುತ್ತಿದ್ದನೆಂಬ ಒಂದು ಶಾಸನವು ದೊರೆತರೆ ಅವನು ತನ್ನ ಅಂಕಿಯನ್ನು ಇಳಿಸಲೇಬೇಕು. ತಪ್ಪು ಸಿಕ್ಕಿಬೀಳುವಂತೆ ಮಾತಾಡುವವನೇ ಧೈರ್ಯಶಾಲಿ.

ಇನ್ನೆರಡು ಭ್ರಾಂತಿಗಳನ್ನು ಇಲ್ಲಿಯೇ ನಿವಾರಿಸಬೇಕು. 0.6 ಎಂಬುದು ಸಂಭಾವ್ಯತೆಯಲ್ಲ. ಹತ್ತು ಕೊಡಗಳಲ್ಲಿ ಒಂದರಲ್ಲಿ ಕಡಲ ನೀರಿದೆ, ಯಾವುದೆಂದು ತಿಳಿಯದು ಎಂಬುದು ಒಂದು ಮಾತು. ಹತ್ತೂ ಕೊಡಗಳ ನೀರು ಸ್ವಲ್ಪ ಸ್ವಲ್ಪ ಉಪ್ಪಾಗಿದೆ ಎಂಬುದು ಬೇರೆ ಮಾತು. ಮೊದಲನೆಯದು ತಿಳಿವಳಿಕೆಯ ಕೊರತೆ; ಎರಡನೆಯದು ವಸ್ತುವಿನ ಸ್ವಭಾವ. ಅಂತೆಯೇ, ಸಾಕ್ಷ್ಯವಿಲ್ಲದ ಕಡೆಯಲ್ಲಿ 0.5 ಎಂದು ತುಂಬಿಸುವುದು ಅಪರಾಧ. 0.5 ಎಂದರೆ ‘ಸರಿಯಾಗಿ ನಡುವೆ ಇದೆ’ ಎಂದರ್ಥವೇ ಹೊರತು ‘ಗೊತ್ತಿಲ್ಲ’ ಎಂದಲ್ಲ. ಗೊತ್ತಿಲ್ಲದ ಅಂಕಣವನ್ನು ಬರಿದಾಗಿಯೇ ಬಿಡಬೇಕು.

ಹೀಗೆ ಅಳೆದುದರಿಂದ ಪ್ರಯೋಜನವೇನು? ಹೆಸರನ್ನು ಅಂಟಿಸುವುದೇ ಗುರಿಯಾಗಿದ್ದರೆ ಪ್ರಯೋಜನವಿಲ್ಲ. ಹೋಲಿಕೆಯಿಂದ ಕಾರಣವನ್ನು ಹುಡುಕುವುದು ಗುರಿಯಾಗಿದ್ದರೆ ಪ್ರಯೋಜನವು ಅಪಾರ. ಹೊಗೆಯಿರುವಲ್ಲೆಲ್ಲ ಬೆಂಕಿಯಿರುವುದು ವ್ಯಾಪ್ತಿ. ಹೊಗೆ ವ್ಯಾಪ್ಯ, ಬೆಂಕಿ ವ್ಯಾಪಕ. ರೇಗಿನನ ವಿಧಾನದಲ್ಲಿ ಇದೇ ಸಂಬಂಧವನ್ನು ಅಂಕಿಗಳಲ್ಲಿ ಓದುತ್ತಾರೆ. ಪ್ರತಿಯೊಂದು ಉದಾಹರಣೆಯಲ್ಲಿಯೂ ಕಾರಣದ ಸದಸ್ಯತ್ವವು ಕಾರ್ಯದ ಸದಸ್ಯತ್ವವನ್ನು ಮೀರದಿದ್ದರೆ ಆ ಕಾರಣವು ಸಾಕಾಗುವ ಕಾರಣ; ಕಾರ್ಯವು ಕಾರಣವನ್ನು ಮೀರದಿದ್ದರೆ ಅದು ಬೇಕೇ ಬೇಕಾದ ಕಾರಣ. ಮೂರು ಊರುಗಳಲ್ಲಿ ಕಾರಣವು 0.8, 0.6, 0.3 ಎಂದೂ ಕಾರ್ಯವು 0.9, 0.5, 0.4 ಎಂದೂ ಇದ್ದರೆ, ಪ್ರತಿ ಜೋಡಿಯಲ್ಲಿ ಕಡಿಮೆಯಾದುದನ್ನು ಕೂಡಿಸಿದಾಗ 1.6 ಬರುತ್ತದೆ, ಕಾರಣದ ಮೊತ್ತವಾದ 1.7ರಿಂದ ಅದನ್ನು ಭಾಗಿಸಿದರೆ ಸುಮಾರು 0.94. ವ್ಯಾಪ್ತಿಯು ಎಷ್ಟು ನಿರ್ದುಷ್ಟವೆಂಬುದಕ್ಕೆ ಇದು ಮಾನ. ಎರಡನೆಯ ಊರಿನಲ್ಲಿ ಸ್ವಲ್ಪ ವ್ಯಭಿಚಾರವಿರುವುದನ್ನು ಅದು ಮುಚ್ಚಿಡದೆ ತೋರಿಸುತ್ತದೆ.

ಈಗ ಬಸ್ರೂರಿಗೆ ಹಿಂದಿರುಗಿ, ವರ್ತಕರ ಸ್ವಯಮಾಡಳಿತವು ದೀರ್ಘಕಾಲ ಬಾಳುವುದಕ್ಕೆ ಏನು ಬೇಕೆಂದು ಕೇಳಬೇಕು. ವೆನಿಸಿಗೆ ಸ್ವಂತ ನೌಕಾಬಲವಿತ್ತು. 1797ರವರೆಗೆ ಅದು ಬಾಳಿತು. ರಗೂಸಾಕ್ಕೆ ಅಂತಹ ಯುದ್ಧನೌಕೆಗಳಿರಲಿಲ್ಲ. ಆದರೆ ಕಪ್ಪವನ್ನು ಪಡೆದು, ಒಳಗಿನ ಆಡಳಿತಕ್ಕೆ ಕೈಹಾಕದೆ, ಹೊರಗಿನವರಿಗೆ ಭಯವಾಗಿ ನಿಂತ ಪ್ರಬಲನಾದ ಒಡೆಯನಿದ್ದನು. ಕಾರ್ಯವು ಒಂದೇ ಆದರೂ ದಾರಿಗಳು ಎರಡು. ಒಂದೇ ಕಾರಣವನ್ನು ಹುಡುಕುವವನಿಗೆ ಇದು ತೋರದು. ಬಸ್ರೂರು ರಗೂಸಾದ ದಾರಿಯಲ್ಲಿದ್ದ ಊರು. 1565ರಲ್ಲಿ ರಕ್ಕಸಗಿ ತಂಗಡಗಿಯ ಯುದ್ಧದಲ್ಲಿ ವಿಜಯನಗರವು ಮುರಿದುಬಿತ್ತು. ನಾಲ್ಕೇ ವರ್ಷಗಳಲ್ಲಿ, 1569ರಲ್ಲಿ, ಗೋವೆಯ ವೈಸರಾಯ್ ಲೂಯಿಸ್ ದಿ ಅತಾಯ್ದೆಯ ನೌಕಾಪಡೆಯು ಬಸ್ರೂರಿಗೆ ಬಂದು ಕೋಟೆಯನ್ನು ಹಿಡಿಯಿತು. ಸ್ವಂತ ನೌಕಾಬಲವೂ ಇಲ್ಲ, ಒಡೆಯನ ನೆರಳೂ ಇಲ್ಲವೆಂಬ ಸ್ಥಿತಿಯಲ್ಲಿ ಹಲರ ಸಭೆಯು ಏನು ಮಾಡಬಲ್ಲುದು? ಸಂಶಯವಾದಿಗಳು ಗಣರಾಜ್ಯವಲ್ಲವೆಂಬುದಕ್ಕೆ ಸಾಕ್ಷಿಯಾಗಿ ಎತ್ತಿ ತೋರಿಸುವ ಆ ಕಪ್ಪವೇ ಹಲರ ಆಡಳಿತವನ್ನು ಅಷ್ಟು ಕಾಲ ಕಾಪಾಡಿದ ಕವಚವಾಗಿರಬಹುದಲ್ಲವೆ? ಅಭಿಮಾನಿಗಳು ನಾಚಿ ಮುಚ್ಚಿಡುವ ಸಂಗತಿಯೇ ಊರಿನವರ ರಾಜನೀತಿಯ ಜಾಣ್ಮೆಗೆ ಗುರುತಾಗಿರಬಹುದಲ್ಲವೆ? ಹೌದು ಅಲ್ಲಗಳ ಜಗಳದಲ್ಲಿ ಈ ಪ್ರಶ್ನೆಯು ಹುಟ್ಟುವುದೇ ಇಲ್ಲ.

ವ್ಯಾಪ್ತಿಯನ್ನು ಹೇಳಿದವನು ಉಪಾಧಿಯನ್ನೂ ನೋಡಬೇಕು. ಬೆಂಕಿಯಿದ್ದ ಮಾತ್ರಕ್ಕೆ ಹೊಗೆಯೇಳದು. ಹಸಿ ಸೌದೆಯೂ ಬೇಕು. 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕನು ಪೋರ್ತುಗೀಸರನ್ನು ಇಲ್ಲಿಂದ ಹೊರಡಿಸಿದನು. ಊರಿಗೆ ಮತ್ತೆ ಒಡೆಯನು ದೊರೆತನು. ಆದರೂ 1665ರ ಫೆಬ್ರವರಿಯಲ್ಲಿ ಶಿವಾಜಿಯ ಹಡಗುಗಳು ಬಂದು ಬಸ್ರೂರನ್ನು ಸೂರೆಗೊಂಡವು. ಒಡೆಯನಿದ್ದರೆ ಸಾಲದು, ಕಡಲಿನ ಕಡೆಯಿಂದ ಕಾಯಬಲ್ಲ ಒಡೆಯನಿರಬೇಕೆಂಬುದು ಇಲ್ಲಿಯ ಉಪಾಧಿ. ಇನ್ನೊಂದು ವಿಷಯವೂ ಇದರಿಂದ ಸ್ಪಷ್ಟವಾಗುತ್ತದೆ. 1500ರ ಬಸ್ರೂರು, 1600ರ ಬಸ್ರೂರು, 1670ರ ಬಸ್ರೂರು ಇವು ಹೋಲಿಕೆಯ ದೃಷ್ಟಿಯಿಂದ ಮೂರು ಬೇರೆ ಬೇರೆ ಉದಾಹರಣೆಗಳು. ಒಂದೇ ಹೆಸರಿದ್ದ ಮಾತ್ರಕ್ಕೆ ಒಂದೇ ತೀರ್ಪು ಕೂಡದು. ನಾಲ್ಕಾರು ಪಟ್ಟಣಗಳ ಹೋಲಿಕೆಯಿಂದ ಸಿದ್ಧಾಂತವು ಸಿದ್ಧಿಸಿತೆಂದು ಹೇಳುವುದು ಸಾಹಸವಾದೀತು. ಹೊನ್ನಾವರ, ಭಟ್ಕಳ, ಮಂಗಳೂರು, ಕಣ್ಣನೂರುಗಳನ್ನೂ ಇದೇ ಸೇರಿನಿಂದ ಅಳೆದ ಮೇಲೆ ಮಾತಾಡುವುದು ಉಚಿತ.

ಈ ವಿಧಾನದ ಭಕ್ತರಿಗೂ ಎರಡು ಮಾತು ಸಲ್ಲಬೇಕು. ಗಣಕಯಂತ್ರಕ್ಕೆ ಅಂಕಿಗಳನ್ನು ತುಂಬಿ, ಹೊರಬಂದ ಫಲವು ಮೆಚ್ಚಿಕೆಯಾಗದಿದ್ದರೆ ಸಂಧಿಬಿಂದುವನ್ನು ಅತ್ತಿತ್ತ ಸರಿಸಿ ಮತ್ತೆ ತುಂಬುವವರು ಉಂಟು. ಸಂಧಿಬಿಂದುವು ಸ್ವಲ್ಪ ಸರಿದರೂ ಫಲವು ಬದಲಾಗುವುದೆಂಬುದು ಈ ವಿಧಾನದ ನಿಜವಾದ ದೌರ್ಬಲ್ಯ. ಎಷ್ಟು ಸರಿದರೆ ಫಲವು ಮುರಿಯುತ್ತದೆಂದು ತಾನೇ ಹೇಳದ ಪರೀಕ್ಷಕನನ್ನು ನಂಬಬಾರದು. ಅಂಕಿಯನ್ನು ಬಿಟ್ಟು ಹೆಸರಿಗೆ ಬಡಿದಾಡುವ ಕೆಡುಕು ದೊಡ್ಡ ಪ್ರಮಾಣದಲ್ಲಿಯೂ ಇದೆ. 2021ರಲ್ಲಿ ಅಮೆರಿಕದ ಫ್ರೀಡಂ ಹೌಸ್ ಸಂಸ್ಥೆಯು ಭಾರತದ ಅಂಕವನ್ನು ನೂರಕ್ಕೆ 71ರಿಂದ 67ಕ್ಕೆ ಇಳಿಸಿತು. ಅದರೊಂದಿಗೆ ‘ಸ್ವತಂತ್ರ’ವೆಂಬ ಹೆಸರು ಹೋಗಿ ‘ಭಾಗಶಃ ಸ್ವತಂತ್ರ’ವೆಂಬ ಹೆಸರು ಬಂದಿತು. ನಾಲ್ಕು ಅಂಕಗಳ ಇಳಿತವು ಸರಿಯೋ ತಪ್ಪೋ, ಯಾವ ಯಾವ ಪ್ರಶ್ನೆಗಳಲ್ಲಿ ಇಳಿಯಿತು, ಅದಕ್ಕೆ ಸಾಕ್ಷ್ಯವೇನು ಎಂಬುದು ವಿಚಾರಕ್ಕೆ ಯೋಗ್ಯವಾದ ವಿಷಯ. ಒಂದು ಪಕ್ಷವು ಹೆಸರನ್ನು ನೋಡಿ ಕುಣಿಯಿತು, ಮತ್ತೊಂದು ಪಕ್ಷವು ಹೆಸರನ್ನು ನೋಡಿ ಸಿಟ್ಟಾಯಿತು. ಸೇರು ಯಾವುದೆಂದು ಕೇಳಿದವರು ವಿರಳ.

ಕೊನೆಯದಾಗಿ, ಇದೆಲ್ಲವೂ ಪ್ರಾಚೀನರಲ್ಲಿ ಇದ್ದುದೇ ಎಂದು ಹೇಳಿ ತೃಪ್ತರಾಗುವವರನ್ನೂ ತಡೆಯಬೇಕು. ಪಾಣಿನಿಯಲ್ಲಿ ಸಂಘ, ಗಣ ಶಬ್ದಗಳಿರುವುದು ನಿಜ. 1924ರಲ್ಲಿ ಕಾಶೀಪ್ರಸಾದ ಜಯಸ್ವಾಲರು ತಮ್ಮ ‘ಹಿಂದೂ ಪಾಲಿಟಿ’ ಗ್ರಂಥದಲ್ಲಿ ಪ್ರಾಚೀನ ಗಣರಾಜ್ಯಗಳನ್ನು ಪರಕೀಯರ ಕಣ್ಣಿಗೆ ಕಟ್ಟುವಂತೆ ನಿರೂಪಿಸಿದುದೂ ಉಪಕಾರವೇ. ಆದರೆ ಕೊಂಬೆಯ ಕಪಿಯು ಸ್ಥಳಭೇದದ ದೃಷ್ಟಾಂತ, ಪ್ರಮಾಣಭೇದದ್ದಲ್ಲ. ಅವ್ಯಾಪ್ಯವೃತ್ತಿಯನ್ನು ಅಸ್ಫುಟ ಗಣವೆಂದು ಸಾರುವುದು ಬಸ್ರೂರನ್ನು ವೆನಿಸ್ ಎಂದು ಸಾರಿದಷ್ಟೇ ಸುಳ್ಳು. ಹಳೆಯ ಶಾಸ್ತ್ರವು ಕಲಿಸಿದ್ದು ಬೇರೊಂದನ್ನು: ಲಕ್ಷಣವನ್ನು ಹೇಳದೆ ವಾದಕ್ಕಿಳಿಯಬೇಡ, ವ್ಯಭಿಚಾರವನ್ನು ಮುಚ್ಚಬೇಡ, ಉಪಾಧಿಯನ್ನು ಮರೆಯಬೇಡ. ಆ ಶಿಸ್ತು ಉಳ್ಳವನಿಗೆ ಹೊಸ ಗಣಿತವು ಕೈಗೆ ಬಂದ ಸಾಧನ. ಇಲ್ಲದವನಿಗೆ ಅದು ಮತ್ತೊಂದು ಘೋಷಣೆ.

ಆದಕಾರಣ ಬಸ್ರೂರಿನ ಚರಿತ್ರೆಯನ್ನು ಬರೆಯುವವರೂ ಶಾಲೆಗಳಲ್ಲಿ ಹೇಳಿಕೊಡುವವರೂ ಇನ್ನು ಮುಂದೆ ಮೂರು ಕೆಲಸಗಳನ್ನು ಮಾಡಬೇಕು. ಗಣರಾಜ್ಯಕ್ಕೆ ಯಾವ ಯಾವ ಗುಣಗಳು ಬೇಕೆಂದೂ ಪ್ರತಿಯೊಂದರ ಮಾನವೇನೆಂದೂ ಮೊದಲು ಅಚ್ಚುಹಾಕಿಸಬೇಕು. ಬಳಿಕ ಶಾಸನ ಶಾಸನವನ್ನೂ, ಪರದೇಶೀಯರ ವೃತ್ತಾಂತಗಳನ್ನೂ ಆ ಮಾನದ ಎದುರಿಗಿಟ್ಟು, ಯಾವ ಕಾಲಕ್ಕೆ ಎಷ್ಟೆಂದು ಕಾರಣಸಹಿತವಾಗಿ ಬರೆಯಬೇಕು. ಸಾಕ್ಷ್ಯವಿಲ್ಲದ ಅಂಕಣಗಳನ್ನು ಬರಿದಾಗಿ ಬಿಟ್ಟು, ಮುಂದಿನವರು ತುಂಬಲೆಂದು ಹೇಳಬೇಕು. ತಮ್ಮ ಊರಿನವರು ಕೆಲವು ವಿಷಯಗಳಲ್ಲಿ ತಮ್ಮನ್ನು ತಾವು ಆಳಿಕೊಂಡರು, ಕೆಲವು ವಿಷಯಗಳಲ್ಲಿ ಪರರಿಗೆ ತಲೆಬಾಗಿದರು, ಯಾವ ಕಾರಣದಿಂದ ಉಳಿದರು, ಯಾವ ಕಾರಣದಿಂದ ಸೋತರು ಎಂದು ತಿಳಿದ ಬಾಲಕನು, ‘ನಮ್ಮೂರು ಗಣರಾಜ್ಯ’ವೆಂದು ಬಾಯಿಪಾಠ ಮಾಡಿದವನಿಗಿಂತ ಉತ್ತಮನಾದ ಪ್ರಜೆಯಾಗುವನು. ಹಲರ ಸಭೆಗೆ ಸಲ್ಲತಕ್ಕ ಗೌರವವೂ ಅದೇ. ಇತ್ಯಲಮ್.